ಕೈಗುಣ

ಗಣಪತಿ ಬಿಟ್ಟ ಹನ್ನೊಂದನೆಯ ದಿನ ನಿಕಿತಾಳಿಗೆ ಜ್ವರ ಬಂತು. ಶಾಲೆಯಿಂದ ಬಂದವಳು ಬ್ಯಾಗನ್ನು ಬಾಗಿಲಲ್ಲೇ ಬಿಸಾಡಿ, ಬೂಟು ಕೂಡ ಬಿಚ್ಚದೆ ಸೋಫಾದ ಮೇಲೆ ಬಿದ್ದುಕೊಂಡಳು.

"ಅಜ್ಜೀ, ಸಿರ್ ದುಖ್ ರಹಾ ಹೈ."

ತಲೆನೋವು ಎಂದದ್ದು ಕೇಳಿ ದಮಯಂತಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ಮೊಮ್ಮಗಳ ಹಣೆ ಮುಟ್ಟಿದಳು. ಕಾವಲಿಯಂತೆ ಸುಡುತ್ತಿತ್ತು.

"ಬಿಸಿಲಲ್ಲಿ ಕುಣಿದ್ರೆ ಮತ್ತೆಂತ ಆಗ್ತದೆ?" ಎಂದು ಗದರಿದಳು. ಗದರುತ್ತಲೇ ಬೂಟು ಬಿಚ್ಚಿ, ಒದ್ದೆ ಬಟ್ಟೆ ಹಣೆಗೆ ಹಾಕಿ, ಗಂಜಿಗೆ ಅಕ್ಕಿ ತೊಳೆಯಲು ಒಳಗೆ ಹೋದಳು.

ಡೊಂಬಿವಲಿ ಪೂರ್ವದ ಆ ಮೂರನೆಯ ಮಾಳಿಗೆಯ ಮನೆ ನಡೆಯುತ್ತಿದ್ದುದೇ ದಮಯಂತಿಯ ಕೈಯಿಂದ. ಮಗ ಸೂರಜ್ ಘಣಸೋಲಿಯ ಒಂದು ಕಂಪನಿಯಲ್ಲಿ, ಸೊಸೆ ತೃಪ್ತಿ ಠಾಣೆಯ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ. ಇಬ್ಬರೂ ಏಳೂ ನಲವತ್ತರ ಲೋಕಲ್ ಹಿಡಿಯುವವರು. ಅವರು ಮನೆ ಬಿಡುವ ಮೊದಲು ಎರಡು ಡಬ್ಬಿ ಕಟ್ಟಿ, ನಿಕಿತಾಳ ಜಡೆ ಹೆಣೆದು, ವ್ಯಾನಿಗೆ ಹತ್ತಿಸಿ ಆಗಬೇಕು. ಗಂಡ ಚೆನ್ನಯ ಮೂವತ್ತೆಂಟು ವರ್ಷ ಠಾಣೆಯ ಹೋಟೆಲೊಂದರ ಕೌಂಟರಿನಲ್ಲಿ ಕೂತು ದಣಿದವನು. ಈಗ ಬೆಳಿಗ್ಗೆ ಪೇಪರು, ಮಧ್ಯಾಹ್ನ ಊಟ, ಸಂಜೆ ಸ್ಟೇಷನ್ನಿನ ಬಳಿ ಮೆಸ್ ನಡೆಸುವ ಹಳೆಯ ಗೆಳೆಯ ದೇಜಪ್ಪನ ಹತ್ತಿರ ಒಂದು ಗಳಿಗೆ ಹರಟೆ, ಇಷ್ಟೇ ಅವನ ದಿನ.

ಅರವತ್ತೊಂದು ವಯಸ್ಸಿನಲ್ಲೂ ದಮಯಂತಿ ಆ ಬಿಲ್ಡಿಂಗಿನ ಸೊಸೈಟಿಗೆಲ್ಲ ಬೇಕಾದವಳು. ಹಬ್ಬ ಬಂದರೆ ಮೊದಲು ಅವಳ ಬಾಗಿಲು ತಟ್ಟುತ್ತಿದ್ದರು. ಕೆಳಗೆ ಗಣಪತಿ ಕೂರಿಸಿದ ದಿನ ದೊಡ್ಡ ಪಾತ್ರೆ ತುಂಬ ಕೋಸಂಬರಿ ಅವಳದೇ. ಹೆಸರುಬೇಳೆ ನೆನೆಸಿ, ಸೌತೆಕಾಯಿ ಕೊಚ್ಚಿ, ಕಾಯಿ ತುರಿದು ಕೈಯಲ್ಲೇ ಕಲಸಿ ಹಾಕಿದರೆ ಮರಾಠಿ ಹೆಂಗಸರು ಮತ್ತೊಮ್ಮೆ ತಟ್ಟೆ ಹಿಡಿದು ನಿಲ್ಲುತ್ತಿದ್ದರು. "ನಿನ್ನ ಕೈಗೆ ಒಂದು ಗುಣ ಉಂಟು" ಎಂದು ಮದುವೆಯಾದ ಹೊಸದರಲ್ಲಿ ಅತ್ತೆ ಹೇಳಿದ್ದನ್ನು ದಮಯಂತಿ ಯಾರಿಗೂ ಹೇಳಿಕೊಂಡವಳಲ್ಲ, ಆದರೆ ಮರೆತವಳೂ ಅಲ್ಲ.

ಮೂರು ದಿನ ಎಲ್ಲರೂ ನಿಕಿತಾಳದ್ದು ವೈರಲ್ ಎಂದರು. ಐದನೆಯ ದಿನವೂ ಜ್ವರ ಇಳಿಯಲಿಲ್ಲ. ರಕ್ತದ ರಿಪೋರ್ಟು ಬಂದಾಗ ಟೈಫಾಯ್ಡ್. ಅಷ್ಟರಲ್ಲಿ ಅದೇ ವಿಂಗಿನ ಇನ್ನೂ ನಾಲ್ಕು ಮನೆಗಳಲ್ಲಿ ಅದೇ ಜ್ವರ ಮಲಗಿತ್ತು. ಒಂದನೆಯ ಮಾಳಿಗೆಯ ಕಾಲೇಜು ಹುಡುಗಿಯನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು.

ಸೊಸೈಟಿಯ ಸೆಕ್ರೆಟರಿ ಪರಾಂಜಪೆ ನೀರಿನ ಟಾಕಿ ತೊಳೆಸಿದರು, ನೀರನ್ನು ಪರೀಕ್ಷೆಗೆ ಕಳಿಸಿದರು. ನೀರಿನಲ್ಲಿ ಏನೂ ಇಲ್ಲ ಎಂದು ಬಂತು. ಹಾಗಾದರೆ ಎಲ್ಲಿಂದ? ಲಿಫ್ಟಿನಲ್ಲಿ, ಗೇಟಿನಲ್ಲಿ, ಮೊಬೈಲಿನಲ್ಲಿ ಅದೇ ಮಾತು. ಎರಡು ದಿನ ಉರುಳುವುದರೊಳಗೆ ಉತ್ತರ ಸಿಕ್ಕಿಬಿಟ್ಟಿತು. ಐದು ಮನೆಗಳ ಪೈಕಿ ನಾಲ್ಕರಲ್ಲಿ ಪಾತ್ರೆ ತಿಕ್ಕುತ್ತಿದ್ದವಳು ಪದ್ಮಾವತಿ. ಟಿಟ್ವಾಳಾದ ಯಾವುದೋ ಚಾಳಿನಿಂದ ಬರುವವಳು. ಅಲ್ಲಿಯ ನೀರೆಂಥದ್ದೋ, ಪಾಯಿಖಾನೆಯೆಂಥದ್ದೋ!

ಪದ್ಮಾವತಿ ವಿಜಯಪುರದ ಇಂಡಿ ಕಡೆಯವಳು. ಮನೆಯಲ್ಲಿ ತುಳು, ಹೊರಗೆ ಮರಾಠಿ, ಮೊಮ್ಮಗಳಿಗೆ ಹಿಂದಿ ಎಂದು ನಾಲಿಗೆಯನ್ನು ಮೂರು ಪಾಲು ಮಾಡಿಕೊಂಡಿದ್ದ ದಮಯಂತಿಗೆ ಕನ್ನಡ ಆಡಲು ಇದ್ದವಳು ಅವಳೊಬ್ಬಳೇ. ಮಧ್ಯಾಹ್ನ ಕೆಲಸ ಮುಗಿಸಿ ಹೋಗುವಾಗ "ಅಕ್ಕಾರ, ಏನ್ ನಡಿಸೀರಿ?" ಎಂದು ಬಾಗಿಲಲ್ಲಿ ಕೂತು ಒಂದು ಲೋಟ ಮಜ್ಜಿಗೆ ಕುಡಿದು ಹೋಗುತ್ತಿದ್ದಳು.

ಅವಳನ್ನು ಗೇಟಿನಲ್ಲೇ ತಡೆದ ದಿನ ದಮಯಂತಿ ಗ್ಯಾಲರಿಯಲ್ಲಿ ಬಟ್ಟೆ ಒಣಗಿಸುತ್ತಿದ್ದಳು. ವಾಚ್‌ಮನ್ ಕೈ ಅಡ್ಡ ಹಿಡಿದಿದ್ದ. ಪದ್ಮಾವತಿ ಏನೋ ಕೇಳುತ್ತಿದ್ದಳು. ಪರಾಂಜಪೆ ದೂರದಿಂದಲೇ ಕೈಯಾಡಿಸಿ ಹೋಗೆನ್ನುತ್ತಿದ್ದರು. ಪದ್ಮಾವತಿ ಒಮ್ಮೆ ತಲೆಯೆತ್ತಿ ಮೂರನೆಯ ಮಾಳಿಗೆಯತ್ತ ನೋಡಿದಳು. ದಮಯಂತಿಯ ಕೈಯಲ್ಲಿ ನಿಕಿತಾಳ ಒದ್ದೆ ಫ್ರಾಕಿತ್ತು. ಅದನ್ನು ಹಿಂಡಿದ್ದನ್ನೇ ಮತ್ತೊಮ್ಮೆ ಹಿಂಡುತ್ತ ಅವಳು ಒಳಗೆ ಸರಿದಳು. ಮಗುವಿಗೆ ಜ್ವರ, ಈಗ ನಾನು ಕೆಳಗೆ ಹೋಗಿ ಎಂತ ಹೇಳುವುದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಮರುವಾರ ಪಾಲಿಕೆಯ ಆರೋಗ್ಯ ಕೇಂದ್ರದಿಂದ ಒಬ್ಬ ಡಾಕ್ಟರಮ್ಮ ಬಂದರು. ಮೂವತ್ತರ ಹರೆಯದ ಮರಾಠಿ ಹೆಣ್ಣುಮಗಳು, ಕೈಯಲ್ಲೊಂದು ರಿಜಿಸ್ಟರು. ಐದೂ ಮನೆಗೆ ಹೋಗಿ ಏನು ತಿಂದಿರಿ, ಎಲ್ಲಿ ತಿಂದಿರಿ, ಯಾವಾಗ ತಿಂದಿರಿ ಎಂದು ಬಿಡದೆ ಕೇಳಿ ಬರೆದುಕೊಂಡರು. ಕೊನೆಗೆ ದಮಯಂತಿಯ ಮನೆಯಲ್ಲಿ ಕೂತು ಚಹಾ ಬೇಡವೆಂದರು.

"ಈ ಮನೆಯಲ್ಲಿ ಮೊದಲು ಯಾರಿಗಾದರೂ ಟೈಫಾಯ್ಡ್ ಆಗಿತ್ತೇ?"

"ನನಗೆ ಆಗಿತ್ತು, ಮದುವೆಯಾದ ವರ್ಷ," ಎಂದಳು ತೃಪ್ತಿ.

"ನನಗೆ ಸಣ್ಣವನಿರುವಾಗ. ಎರಡು ಸಲ," ಎಂದ ಸೂರಜ್.

"ನಿಮಗೆ ಆಜಿ?"

"ನನಗೆ ಆಗಿ ನಲವತ್ತು ವರ್ಷ ಆಯ್ತು. ಆಮೇಲೆ ಒಂದು ನೆಗಡಿ ಕೂಡ ಇಲ್ಲ," ಎಂದಳು ದಮಯಂತಿ, ಸ್ವಲ್ಪ ಹೆಮ್ಮೆಯಿಂದಲೇ.

ಡಾಕ್ಟರಮ್ಮನ ಪೆನ್ನು ನಿಂತಿತು. "ಬೇರೆ ಯಾರಿಗಾದರೂ?"

ಚೆನ್ನಯ ಎದ್ದು ಗ್ಯಾಲರಿಗೆ ಹೋದ.

"ಇನ್ನೊಬ್ಬ ಮಗ ಇದ್ದ," ಎಂದಳು ದಮಯಂತಿ. "ಜಯೇಶ. ತೊಂಬತ್ತೊಂಬತ್ತರಲ್ಲಿ. ಒಂಬತ್ತು ವರ್ಷ ಅವನಿಗೆ. ಅದೇ ಜ್ವರದಲ್ಲಿ ಹೋದ."

ಡಾಕ್ಟರಮ್ಮ ಅದನ್ನೂ ಬರೆದುಕೊಂಡರು. ಮನೆಯವರೆಲ್ಲ ಮಲದ ಸ್ಯಾಂಪಲ್ ಕೊಡಬೇಕೆಂದು ಹೇಳಿ ಡಬ್ಬಿಗಳನ್ನು ಕೊಟ್ಟು ಹೋದರು.

ರಿಪೋರ್ಟು ಬಂದಾಗ ದಮಯಂತಿಯನ್ನೂ ಸೂರಜನನ್ನೂ ಕೇಂದ್ರಕ್ಕೆ ಕರೆಸಿದರು. ಡಾಕ್ಟರಮ್ಮ ಬಾಗಿಲು ಮುಚ್ಚಿ, ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಕೂತರು.

"ಆಜಿ, ಕೆಲವರಿಗೆ ಜ್ವರ ಬಿಡುತ್ತದೆ, ರೋಗಾಣು ಬಿಡುವುದಿಲ್ಲ. ಪಿತ್ತಕೋಶದಲ್ಲಿ ಮನೆ ಮಾಡಿಕೊಂಡು ಕೂರುತ್ತದೆ. ಅವರಿಗೆ ಏನೂ ಆಗುವುದಿಲ್ಲ, ಗಟ್ಟಿಮುಟ್ಟಾಗಿರುತ್ತಾರೆ. ಆದರೆ ಅವರಿಂದ ಬೇರೆಯವರಿಗೆ ದಾಟುತ್ತದೆ. ಬೇಯಿಸದ ಪದಾರ್ಥವನ್ನು ಕೈಯಿಂದ ಕಲಸಿದರೆ ಬೇಗ ದಾಟುತ್ತದೆ. ಆ ಐದು ಮನೆಯವರೂ ನಿಮ್ಮ ಕೋಸಂಬರಿ ತಿಂದಿದ್ದರು."

"ನಾನು ಕೈ ತೊಳೆಯದೆ ಅಡುಗೆಮನೆಗೆ ಕಾಲಿಟ್ಟವಳಲ್ಲ," ಎಂದಳು ದಮಯಂತಿ.

"ಗೊತ್ತು. ಆದರೂ ಒಂದು ದಿನ ನೀರು ಇರುವುದಿಲ್ಲ, ಒಂದು ದಿನ ಅವಸರ ಇರುತ್ತದೆ."

ಹಬ್ಬದ ದಿನ ಬೆಳಿಗ್ಗೆ ನಲ್ಲಿಯಲ್ಲಿ ನೀರಿರಲಿಲ್ಲ. ಬಕೆಟಿನಲ್ಲಿದ್ದುದನ್ನು ಚೊಂಬಿನಲ್ಲಿ ತೆಗೆದು ತೆಗೆದು ಕೈ ನೆನೆಸಿಕೊಂಡದ್ದು ದಮಯಂತಿಗೆ ನೆನಪಾಯಿತು.

"ಇದು ನಿಮ್ಮ ತಪ್ಪಲ್ಲ," ಎಂದರು ಡಾಕ್ಟರಮ್ಮ. "ನಾಲ್ಕು ವಾರ ಮಾತ್ರೆ. ಸೋನೋಗ್ರಫಿಯಲ್ಲಿ ಪಿತ್ತಕೋಶದಲ್ಲಿ ಕಲ್ಲು ಕಂಡರೆ ಆಪರೇಷನ್. ಅಲ್ಲಿಯವರೆಗೆ ಬೇರೆಯವರಿಗೆ ಅಡುಗೆ ಮಾಡಬೇಡಿ. ನಿಮ್ಮ ಹೆಸರನ್ನು ನಾವು ಯಾರಿಗೂ ಹೇಳುವುದಿಲ್ಲ."

ರಿಕ್ಷಾದಲ್ಲಿ ಬರುವಾಗ ಸೂರಜ್ ಹೊರಗೆ ನೋಡುತ್ತ ಕೂತಿದ್ದ. ಮನೆ ಹತ್ತಿರ ಬಂದಾಗ, "ಅಮ್ಮ, ಈ ವಿಷಯ ಮನೆಯಿಂದ ಹೊರಗೆ ಹೋಗೂದು ಬೇಡ," ಎಂದ.

"ಪದ್ಮಾವತಿಯನ್ನು ತೆಗೆದು ಹಾಕಿದ್ದಾರಲ್ಲ ಮಗಾ."

"ಅವಳಿಗೆ ಬೇರೆ ಕಡೆ ಕೆಲಸ ಸಿಗ್ತದೆ. ನಮಗೆ ಬೇರೆ ಮನೆ ಸಿಗ್ತದಾ?"

ಮರುದಿನದಿಂದ ಅಡುಗೆಮನೆ ತೃಪ್ತಿಯ ಕೈಗೆ ಹೋಯಿತು. ಐದಕ್ಕೆ ಏಳುತ್ತಿದ್ದವಳು ನಾಲ್ಕೂವರೆಗೆ ಏಳತೊಡಗಿದಳು. ಕುಕ್ಕರು ಕೂಗುವುದು, ತೃಪ್ತಿ ಗೊಣಗುವುದು, ಡಬ್ಬಿಯ ಮುಚ್ಚಳ ಸಿಗದೆ ಪಾತ್ರೆಗಳು ಉರುಳುವುದು, ಎಲ್ಲವನ್ನೂ ದಮಯಂತಿ ಹಾಲ್‌ನಲ್ಲಿ ಚಾಪೆಯ ಮೇಲೆ ಕೂತು ಕೇಳುತ್ತಿದ್ದಳು.

"ಮುಚ್ಚಳ ಮೇಲಿನ ಸಾಲಲ್ಲಿ, ಬಲಗಡೆ."

"ಸಿಕ್ಕಿತು ಮಾಮಿ."

"ಸಾಸಿವೆ ಸೀಯ್ತಾ ಉಂಟು ನೋಡು."

"ಗೊತ್ತಾಗ್ತದೆ ಮಾಮಿ, ನನಗೂ ಮೂಗು ಉಂಟಲ್ಲ!"

ಒಳ್ಳೆಯ ಹುಡುಗಿಯೇ ತೃಪ್ತಿ. ಆದರೆ ಮಗಳು ಹಾಸಿಗೆ ಹಿಡಿದು, ರಜೆಯೆಲ್ಲ ಮುಗಿದು, ಅವಳ ತಾಳ್ಮೆಯೂ ತೀರಿತ್ತು. ಅತ್ತೆ ಬಚ್ಚಲಿನಿಂದ ಹೊರಬಂದರೆ ಸಾಕು, ಫಿನಾಯಿಲ್ ಬಾಟಲಿ ಹಿಡಿದು ಒಳಗೆ ಹೋಗುತ್ತಿದ್ದಳು. ಒಂದು ಸಲ ನಿಕಿತಾ "ಅಜ್ಜಿ, ಪಾನಿ" ಎಂದು ಕೇಳಿದಳು. ದಮಯಂತಿ ಅಭ್ಯಾಸಬಲದಿಂದ ಲೋಟ ತುಂಬಿ ಹಿಡಿದಳು. ತೃಪ್ತಿ ಓಡಿಬಂದು ಅವಳ ಕೈಯಿಂದ ಲೋಟ ಕಿತ್ತುಕೊಂಡಳು. ನೀರು ಮೂವರ ಮೇಲೂ ಚೆಲ್ಲಿತು.

"ತಪ್ಪು ತಿಳ್ಕೊಬೇಡಿ ಮಾಮಿ. ನನಗೆ ಹೆದರಿಕೆ ಆಗ್ತದೆ."

"ತಪ್ಪು ಎಂತದು. ನೀನು ತಾಯಿ."

ಅಂದಿನಿಂದ ದಮಯಂತಿ ತನ್ನ ತಟ್ಟೆ, ಲೋಟ, ಚೊಂಬುಗಳನ್ನು ತಾನೇ ಬೇರೆ ಮಾಡಿ ಗ್ಯಾಲರಿಯ ಮೂಲೆಯಲ್ಲಿಟ್ಟಳು. ಯಾರೂ ಇಡು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ.

ಕಾಮೋಠೆಯಲ್ಲಿದ್ದ ಮಗಳು ರಮಿತಾಳಿಗೆ ಫೋನ್ ಮಾಡಿದಳು. "ನಾಲ್ಕು ದಿನ ನಿನ್ನ ಹತ್ತಿರ ಬಂದಿರ್ಲಾ? ಇಲ್ಲಿ ಕೂತು ಕೂತು ಹುಚ್ಚು ಹಿಡೀತದೆ."

ಸೂರಜ್ ಮೊದಲೇ ಹೇಳಿರಬೇಕು. "ಮಕ್ಕಳಿಗೆ ಯುನಿಟ್ ಟೆಸ್ಟ್ ಅಮ್ಮ. ದೀಪಾವಳಿ ಆಗ್ಲಿ, ನಾನೇ ಬಂದು ಕರ್ಕೊಂಡು ಹೋಗ್ತೇನೆ."

"ಆಯ್ತು, ಆಯ್ತು. ಸುಮ್ಮನೆ ಕೇಳಿದ್ದು," ಎಂದು ದಮಯಂತಿ ಫೋನ್ ಇಟ್ಟಳು.

ಇವೆಲ್ಲಕ್ಕಿಂತ ಅವಳನ್ನು ಕೊಂದದ್ದು ಚೆನ್ನಯನ ಮೌನ. ರಿಪೋರ್ಟು ಬಂದ ದಿನದಿಂದ ಅವನು ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಹನ್ನೆರಡೂವರೆಗೆ ಚಪ್ಪಲಿ ಮೆಟ್ಟಿ ದೇಜಪ್ಪನ ಮೆಸ್ಸಿಗೆ ಹೊರಟುಬಿಡುತ್ತಿದ್ದ. ತೃಪ್ತಿ ಮುಚ್ಚಿಟ್ಟು ಹೋದ ತಣ್ಣನೆಯ ಚಪಾತಿಯನ್ನು ದಮಯಂತಿ ಒಬ್ಬಳೇ ತಿನ್ನುತ್ತಿದ್ದಳು. ಒಂದು ಮಧ್ಯಾಹ್ನ ಅವಳು ಬಾಗಿಲಿಗೆ ಅಡ್ಡ ನಿಂತಳು.

"ಮನೆಯಲ್ಲಿ ಅಡುಗೆ ಮಾಡಿದ್ದು ನಾನಲ್ಲ, ತೃಪ್ತಿ. ಉಣ್ಬಹುದಲ್ಲ ನೀವು?"

"ಹಾಗೇನಿಲ್ಲ. ದೇಜಪ್ಪ ಕಾಯ್ತಾನೆ."

"ಜ್ವರ ಬರುವ ಹಿಂದಿನ ವಾರ ಜಯೇಶ ಮಾವಿನಕಾಯಿ ಚಟ್ನಿ ಬೇಕು ಅಂತ ಹಟ ಮಾಡಿದ್ದ. ನಾನೇ ಅರೆದು ಕೊಟ್ಟೆ. ಮಾತ್ರೆ ತಿನ್ನಿಸಿದ್ದೂ ಇದೇ ಕೈಯಲ್ಲಿ." ದಮಯಂತಿ ಎರಡೂ ಕೈಗಳನ್ನು ಮುಂದೆ ಚಾಚಿದಳು. "ಒಂದು ಮಾತು ಹೇಳಿ. ನನ್ನಿಂದಲೇ ಹೋದನಾ ಅವನು?"

ಚೆನ್ನಯ ಆ ಕೈಗಳನ್ನು ನೋಡಲಿಲ್ಲ. "ಈಗ ಅದೆಲ್ಲ ಯಾಕೆ? ಬಿಡು ದಾರಿ."

ಅವಳು ಬಿಟ್ಟಳು. ಅವನು ಮೆಟ್ಟಿಲಿಳಿದು ಹೋದ. ಬಯ್ದಿದ್ದರೆ ಎದುರಾಡಬಹುದಿತ್ತು. ಹೊಡೆದಿದ್ದರೆ ಅಳಬಹುದಿತ್ತು. ಏನೂ ಹೇಳದೆ ಹೋದವನಿಗೆ ಏನೆಂದು ಉತ್ತರ ಕೊಡುವುದು?

ಆ ಭಾನುವಾರ ಬೆಳಿಗ್ಗೆ ಸೊಸೈಟಿಯ ಮೀಟಿಂಗಿತ್ತು. ಪದ್ಮಾವತಿಯನ್ನು ಇನ್ನು ಒಳಗೆ ಬಿಡಬಾರದು, ಅವಳ ಫೋಟೊವನ್ನು ಗೇಟಿನಲ್ಲಿ ಹಚ್ಚಬೇಕು, ಸುತ್ತಲಿನ ಸೊಸೈಟಿಗಳಿಗೂ ತಿಳಿಸಬೇಕು ಎಂಬುದು ಅಂದಿನ ಠರಾವು. ನೋಟೀಸು ಬೋರ್ಡಿನಲ್ಲಿ ಅದನ್ನು ಓದಿ ಬಂದ ದಮಯಂತಿ ಸೀರೆ ಬದಲಿಸಿದಳು.

"ಎಲ್ಲಿಗೆ ಅಮ್ಮ?" ಸೂರಜ್ ಎದ್ದು ನಿಂತ.

"ಕೆಳಗೆ."

"ಬೇಡ ಅಂತ ಹೇಳಿದ್ದೇನಲ್ಲ! ನಿಕಿತಾ ಈ ಬಿಲ್ಡಿಂಗಲ್ಲಿ ಬೆಳೀಬೇಕು. ನಾಳೆ ಅವಳ ಜೊತೆ ಯಾರು ಆಡ್ತಾರೆ?"

"ಪದ್ಮಾವತಿಗೂ ಇಬ್ಬರು ಮಕ್ಕಳುಂಟು."

"ಮಾಮಿ, ಡಾಕ್ಟರೇ ಹೆಸರು ಹೇಳುದಿಲ್ಲ ಅಂದಿದ್ದಾರೆ," ಎಂದಳು ತೃಪ್ತಿ. "ನೀವ್ಯಾಕೆ ಮೈಮೇಲೆ ಎಳ್ಕೊಳ್ತೀರಿ?"

"ಮೈಯೊಳಗೇ ಉಂಟಲ್ಲ ತೃಪ್ತಿ. ಹೊರಗಿನಿಂದ ಎಳ್ಕೊಳ್ಳಿಕ್ಕೆ ಎಂತ ಬಾಕಿ ಉಂಟು?"

ಕೆಳಗೆ ಗಾಡಿ ನಿಲ್ಲಿಸುವ ಸ್ಟಿಲ್ಟಿನಲ್ಲಿ ಇಪ್ಪತ್ತೈದು ಮೂವತ್ತು ಜನ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ದಮಯಂತಿ ಹೋಗಿ ಹಿಂದೆ ನಿಂತಳು. ಪರಾಂಜಪೆ ಠರಾವು ಓದಿ ಮುಗಿಸಿ, ಯಾರದಾದರೂ ಆಕ್ಷೇಪ ಇದೆಯೇ ಎಂದು ಕೇಳಿದರು.

ಅವಳ ಮರಾಠಿ ಮಾರ್ಕೆಟ್ಟಿನದು, ಮೀಟಿಂಗಿನದಲ್ಲ. ಆದರೂ ಹೇಳಬೇಕಾದದ್ದು ನಾಲ್ಕೇ ಮಾತು. "ರೋಗ ಪದ್ಮಾವತಿಯಿಂದ ಬಂದದ್ದಲ್ಲ. ನನ್ನಿಂದ ಬಂದದ್ದು. ಹಬ್ಬದ ಕೋಸಂಬರಿಯಿಂದ. ರಿಪೋರ್ಟು ನನ್ನ ಹತ್ತಿರ ಇದೆ."

ಯಾರೋ ಕುರ್ಚಿಯನ್ನು ಎಳೆದ ಸದ್ದಾಯಿತು. ಒಂದನೆಯ ಮಾಳಿಗೆಯ ಹುಡುಗಿಯ ತಾಯಿ ತಿರುಗಿ ನೋಡಿದಳು. ಪ್ರತಿ ವರ್ಷ ಎರಡನೆಯ ಸಲ ತಟ್ಟೆ ಹಿಡಿದು ಬರುತ್ತಿದ್ದವಳು ಅವಳೇ.

"ಯಾವಾಗಿನಿಂದ ಗೊತ್ತು ನಿಮಗೆ?" ಎಂದು ಕೇಳಿದಳು.

"ಒಂಬತ್ತು ದಿನದಿಂದ."

ಆಕೆ ಎದ್ದು ಲಿಫ್ಟಿನೊಳಗೆ ಹೋಗಿ ಬಾಗಿಲೆಳೆದುಕೊಂಡಳು. ಪರಾಂಜಪೆ ಗಂಟಲು ಸರಿಮಾಡಿಕೊಂಡು, ಠರಾವು ರದ್ದು ಎಂದು ಬರೆದುಕೊಂಡರು. ಹೇಳಿದ್ದು ಒಳ್ಳೆಯದಾಯಿತು ಆಂಟಿ ಎಂದೂ ಅಂದರು. ಹಾಗೆನ್ನುವಾಗ ಎರಡು ಹೆಜ್ಜೆ ಹಿಂದಕ್ಕೆ ಸರಿದಿದ್ದರು.

ಸೂರಜ್ ಹೇಳಿದ್ದು ಸುಳ್ಳಾಗಲಿಲ್ಲ. ಮೊದಲು ನಿಂತದ್ದು ಬಾಗಿಲು ತಟ್ಟುವ ಸದ್ದು. ಮೊಸರಿನ ಹೆಪ್ಪಿಗೆ, ಕರಿಬೇವಿಗೆ, ಮಗುವನ್ನು ಒಂದು ಗಳಿಗೆ ನೋಡಿಕೊಳ್ಳಿ ಎನ್ನಲಿಕ್ಕೆ ದಿನಕ್ಕೆ ನಾಲ್ಕು ಜನ ಬರುತ್ತಿದ್ದ ಮನೆಗೆ ಈಗ ಬರುವವನು ಕಸದ ಹುಡುಗನೊಬ್ಬನೇ. ಜ್ವರ ಬಿಟ್ಟು ನಿಕಿತಾ ಆಡಲು ಇಳಿದ ಮೊದಲ ದಿನವೇ ಹತ್ತು ನಿಮಿಷದಲ್ಲಿ ಅಳುತ್ತ ಹತ್ತಿ ಬಂದಳು. ತನ್ನ ಹುಟ್ಟಿದ ಹಬ್ಬಕ್ಕೆ ಬರಬೇಡ ಎಂದು ಎ ವಿಂಗಿನ ಹುಡುಗ ಪ್ರಥಮ್ ಹೇಳಿದ್ದನಂತೆ.

ತೃಪ್ತಿ ಮಗಳನ್ನು ತಬ್ಬಿಕೊಂಡು ಅತ್ತೆಯತ್ತ ನೋಡಿದಳು. "ಈಗ ಸಮಾಧಾನ ಆಯ್ತಾ ಮಾಮಿ?"

ಮದುವೆಯಾಗಿ ಹದಿಮೂರು ವರ್ಷದಲ್ಲಿ ಅವಳು ಹಾಗೆ ಮಾತಾಡಿದ್ದು ಅದೇ ಮೊದಲು. ದಮಯಂತಿ ಗ್ಯಾಲರಿಗೆ ಹೋಗಿ, ತೊಳೆದಿಟ್ಟ ತನ್ನ ತಟ್ಟೆಯನ್ನು ಮತ್ತೊಮ್ಮೆ ತೊಳೆದಳು.

ಠರಾವು ರದ್ದಾದರೂ ಪದ್ಮಾವತಿ ಬರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಬುಧವಾರ ಹನ್ನೊಂದು ಗಂಟೆಗೆ ದಮಯಂತಿ ಒಬ್ಬಳೇ ಟಿಟ್ವಾಳಾದ ಲೋಕಲ್ ಹತ್ತಿದಳು. ಕಲ್ಯಾಣ ದಾಟಿದ ಮೇಲೆ ರೈಲಿನ ಡಬ್ಬಿ ಖಾಲಿಯಾಯಿತು. ಎದುರು ಕೂತ ಹೆಂಗಸು ಶೇಂಗಾ ಪೊಟ್ಟಣ ಬಿಚ್ಚಿ, ತಗೊಳ್ಳಿ ಎಂದು ಮುಂದೆ ಚಾಚಿದಳು. ಅವಳಿಗೇನು ಗೊತ್ತು! ದಮಯಂತಿ ಬೇಡವೆಂದು ತಲೆಯಾಡಿಸಿದಳು. ಕಣ್ಣು ತುಂಬಿ ಬಂದದ್ದನ್ನು ಮರೆಮಾಡಲು ಕಿಟಕಿಯತ್ತ ತಿರುಗಿದಳು.

ಗಣಪತಿ ದೇವಸ್ಥಾನದ ರಸ್ತೆಯಿಂದ ಒಳಗೆ, ಎರಡು ಗಲ್ಲಿ ಕೇಳಿಕೊಂಡು ಹೋದ ಮೇಲೆ ಪದ್ಮಾವತಿಯ ಖೋಲಿ ಸಿಕ್ಕಿತು. ಅವಳು ಹೊಸ್ತಿಲಲ್ಲಿ ಕೂತು ಹಪ್ಪಳದ ಹಿಟ್ಟು ಉಂಡೆ ಮಾಡುತ್ತಿದ್ದಳು. ತಲೆಯೆತ್ತಿ ನೋಡಿದವಳು ಏಳಲಿಲ್ಲ.

"ಬರ್ರಿ ಅಕ್ಕಾರ. ಇಲ್ಲೀತನಕ ಯಾಕ ಬಂದ್ರಿ?"

"ತಪ್ಪಾಯ್ತು ಅಂತ ಹೇಳ್ಲಿಕ್ಕೆ ಬಂದೆ. ಜ್ವರ ಬಂದದ್ದು ನನ್ನಿಂದ. ಎಲ್ಲರ ಎದುರು ಹೇಳಿದ್ದೇನೆ. ನೀನು ವಾಪಸ್ ಬರ್ಬಹುದು."

"ಗೊತ್ತಾತು. ವಾಚ್‌ಮನ್ ಫೋನ್ ಮಾಡಿ ಹೇಳ್ದ." ಪದ್ಮಾವತಿ ಉಂಡೆಯನ್ನು ಅಂಗೈಯಲ್ಲಿ ಗಟ್ಟಿಯಾಗಿ ಒತ್ತಿದಳು. "ಒಂದ್ ಮಾತು ಕೇಳ್ತೀನ್ರಿ. ಅವತ್ತ ಗೇಟಿನ್ಯಾಗ ನನ್ನ ನಿಂದ್ರಿಸಿದಾಗ ನೀವು ಮ್ಯಾಲ ನಿಂತು ನೋಡಿದ್ರಿ. ಆಗ ನಿಮ್ಗ ನಿಮ್ಮ ರೋಗ ಗೊತ್ತಿತ್ತೇನು?"

"ಇಲ್ಲ. ದೇವರಾಣೆ ಇಲ್ಲ."

"ಹಂಗಾರ ನಾನೇ ತಂದೀನಿ ಅಂತ ನೀವೂ ನಂಬಿದ್ರಿ."

ದಮಯಂತಿಗೆ ಸುಳ್ಳು ಹೇಳಲಾಗಲಿಲ್ಲ. "ಹೌದು. ನಂಬಿದೆ."

"ಎಂಟ್ ವರ್ಷ ನಿಮ್ಮ ಬಾಗಲಾಗ ಕುಂತು ಮಜ್ಜಿಗಿ ಕುಡದೀನಿ. ಆ ಲೋಟ ನೀವು ಬ್ಯಾರೇ ಇಡ್ತಿದ್ರಿ. ನನಗ ಗೊತ್ತಿತ್ತು. ಬೇಜಾರ ಮಾಡ್ಕೊಂಡಿಲ್ಲ. ಆದ್ರ ಅವತ್ತ ಒಂದ್ ಸಲ ಕೆಳಗ ಇಳದು ಬಂದಿದ್ರ ಸಾಕಾಗಿತ್ತು ನೋಡ್ರಿ."

ದಮಯಂತಿ ಅಲ್ಲೇ, ಗಟಾರದ ಪಕ್ಕದ ಕಲ್ಲಿನ ಮೇಲೆ ಕೂತುಬಿಟ್ಟಳು. ಮನೆಯಲ್ಲಿ ಯಾರ ಹತ್ತಿರವೂ ಆಡಲಾಗದ ಮಾತು ಇಲ್ಲಿ, ಕೋಪಗೊಂಡು ಕೂತಿದ್ದ ಈ ಹೆಂಗಸಿನ ಎದುರು ಹೊರಬಂತು. ಜಯೇಶನ ಜ್ವರ, ಆಸ್ಪತ್ರೆಯ ಇಪ್ಪತ್ತು ದಿನ, ಹೊಟ್ಟೆ ಉಬ್ಬಿದ್ದು, ಕೊನೆಗೆ ತಾಯಿಯ ಗುರುತೂ ಸಿಗದೆ ಹೋದದ್ದು. ಪದ್ಮಾವತಿಯ ಕೈ ನಿಂತಿತು. ಎಲ್ಲವನ್ನೂ ಕೇಳಿದಳು.

"ನಮ್ಮವ್ವನೂ ಒಂದು ಕೂಸು ಕಳ್ಕೊಂಡಾಳ್ರಿ. ಯಾರಿಂದ ಅಂತ ಯಾರೂ ಹೇಳ್ಲಿಲ್ಲ. ಹೇಳವ್ರು ಇರ್ಲಿಲ್ಲ." ಅವಳ ದನಿ ಇಳಿದಿತ್ತು. "ಆದ್ರ ನಾ ನಿಮ್ಮ ಬಿಲ್ಡಿಂಗಿಗೆ ಬರಂಗಿಲ್ಲ ಅಕ್ಕಾರ. ಹಪ್ಪಳದ ಕೆಲ್ಸದಾಗ ಯಾರ ಮಾರಿ ನೋಡೂದಿಲ್ಲ, ಅದೇ ಚಲೋ ಅದ."

ಗಲ್ಲಿಯ ತಿರುವಿನವರೆಗೆ ಬಂದು ಸ್ಟೇಷನ್ನಿನ ದಾರಿ ತೋರಿಸಿ ಹಿಂತಿರುಗಿದಳು. ದಮಯಂತಿ ಕ್ಷಮೆ ಕೇಳಿ ಬಂದಿದ್ದಳು. ಕ್ಷಮೆ ಸಿಕ್ಕಿತೋ ಇಲ್ಲವೋ ಡೊಂಬಿವಲಿ ಬರುವವರೆಗೂ ಅವಳಿಗೆ ತಿಳಿಯಲಿಲ್ಲ.

ಸೋನೋಗ್ರಫಿಯಲ್ಲಿ ಕಲ್ಲುಗಳು ಕಂಡವು. ನಾಲ್ಕು ವಾರ ಮಾತ್ರೆ ನುಂಗಿದ ಮೇಲೆ, ನವೆಂಬರಿನಲ್ಲಿ, ಕಲ್ಯಾಣದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶ ತೆಗೆದರು. ಸೂರಜ್ ಎರಡು ದಿನ ಜೊತೆಗಿದ್ದ. ರಮಿತಾ ಎಳನೀರು ತಂದು, ಮಂಚದಿಂದ ಒಂದು ಮಾರು ದೂರ ಕೂತು, ಮಕ್ಕಳ ಪರೀಕ್ಷೆಯ ಮಾತಾಡಿ ಹೋದಳು. ಚೆನ್ನಯ ದಿನವೂ ಬಂದು ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತು, ಭೇಟಿಯ ಸಮಯ ಮುಗಿದ ಮೇಲೆ ಹೋಗುತ್ತಿದ್ದ.

ಆಮೇಲೆ ಮೂರು ಸಲ ಸ್ಯಾಂಪಲ್. ಮೂರೂ ಸಲ ಏನೂ ಇಲ್ಲ. ಕೊನೆಯ ರಿಪೋರ್ಟು ಬಂದದ್ದು ಜನವರಿಯ ಎರಡನೆಯ ವಾರ.

"ಒಳ್ಳೇದಾಯ್ತು ಅಮ್ಮ," ಎಂದು ಸೂರಜ್ ಕಾಗದವನ್ನು ಫೈಲಿಗೆ ಸೇರಿಸಿದ. ತೃಪ್ತಿಯೂ ಕೈ ಹಿಡಿದು, "ಇನ್ನು ಹೆದರಿಕೆ ಇಲ್ಲ ಮಾಮಿ," ಎಂದಳು. ಆದರೆ ಮರುದಿನ ಬೆಳಿಗ್ಗೆ ನಾಲ್ಕೂವರೆಗೆ ಎದ್ದದ್ದು ಅವಳೇ. ಅಷ್ಟು ದಿನಗಳಲ್ಲಿ ಡಬ್ಬಿಗಳ ಜಾಗ ಬದಲಾಗಿತ್ತು. ಸಾಸಿವೆ ಸೀಯುವುದೂ ನಿಂತಿತ್ತು. ದಮಯಂತಿ ಬಾಗಿಲಲ್ಲಿ ನಿಂತು, "ನಾನು ಮಾಡ್ಲಾ?" ಎಂದಳು. "ನೀವು ಮಲಗಿ ಮಾಮಿ, ಆಪರೇಷನ್ ಆದ ಮೈ," ಎಂಬ ಉತ್ತರ ಬಂತು. ಪ್ರೀತಿಯಿಂದಲೇ ಹೇಳಿದ್ದಳು. ಎರಡನೆಯ ದಿನವೂ ಅದೇ ಉತ್ತರ. ಮೂರನೆಯ ದಿನ ದಮಯಂತಿ ಕೇಳಲಿಲ್ಲ.

ಶುಕ್ರವಾರ ಮಧ್ಯಾಹ್ನ ಹನ್ನೆರಡೂವರೆ ಆಯಿತು. ಚೆನ್ನಯ ಎದ್ದ, ಆದರೆ ಚಪ್ಪಲಿ ಮೆಟ್ಟಲಿಲ್ಲ. ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

"ಇವತ್ತು ದೇಜಪ್ಪನಲ್ಲಿಗೆ ಹೋಗುದಿಲ್ಲ. ಬಿಸಿಯಾಗಿ ಎಂತಾದ್ರೂ ಮಾಡು."

"ತೃಪ್ತಿ ಮಾಡಿಟ್ಟದ್ದು ಉಂಟು."

"ನೀನು ಮಾಡು."

ದಮಯಂತಿ ಮೊಣಕೈವರೆಗೆ ಸೋಪು ಹಚ್ಚಿ ಮೂರು ಸಲ ಕೈ ತೊಳೆದಳು. ಕುಕ್ಕರಿಟ್ಟಳು, ಟೊಮೆಟೊ ಹೆಚ್ಚಿ ಸಾರು ಕುದಿಸಿದಳು, ಬೆಳ್ಳುಳ್ಳಿಯ ಒಗ್ಗರಣೆ ಹಾಕಿದಳು. ನಾಲ್ಕು ತಿಂಗಳು ಸೌಟು ಹಿಡಿಯದ ಕೈಗೆ ಉಪ್ಪಿನ ಅಂದಾಜು ತಪ್ಪಿ, ಹಾಕಿದ್ದು ಹೆಚ್ಚಾಯಿತೋ ಎಂದು ಹೆದರಿದಳು. ಬಡಿಸಿದಳು. ಚೆನ್ನಯ ಕಲಸಿದ, ಒಂದು ತುತ್ತು ತಿಂದ. ಎರಡನೆಯ ತುತ್ತು ಕೈಯಲ್ಲೇ ಉಳಿಯಿತು.

"ಅವತ್ತು ಆಸ್ಪತ್ರೆಯಲ್ಲಿ ಡಾಕ್ಟರ್ ನನ್ನ ಹತ್ತಿರ ಹೇಳಿದ್ದರು," ಎಂದ. "ಜಯೇಶ ಹೋದ ಮರುದಿನ, ಕಾಗದ ತರ್ಲಿಕ್ಕೆ ಹೋದಾಗ. ಮನೆಯವರಿಗೆಲ್ಲ ಟೆಸ್ಟ್ ಮಾಡಿಸಿ, ಯಾರ ಮೈಯಲ್ಲಾದ್ರೂ ಉಳಿದಿರ್ಬಹುದು ಅಂತ. ಚೀಟಿ ಬರೆದೂ ಕೊಟ್ಟಿದ್ದರು."

ದಮಯಂತಿ ಸೌಟು ಹಿಡಿದು ನಿಂತಿದ್ದಳು.

"ನಾನು ಮಾಡಿಸ್ಲಿಲ್ಲ. ಮಗ ಹೋಗಿದ್ದಾನೆ, ಇನ್ನು ಟೆಸ್ಟ್ ಮಾಡ್ಸಿ ಎಂತ ಆಗ್ಬೇಕು ಅಂತ ಹಟ. ಚೀಟಿ ಹರಿದು ಬಿಸಾಡಿದೆ. ನಿನಗೆ ಹೇಳ್ಲಿಲ್ಲ."

ಸೂರಜನ ಎರಡನೆಯ ಜ್ವರ ಅದಾದ ಎರಡು ವರ್ಷಕ್ಕೆ. ಆಮೇಲೆ ತೃಪ್ತಿ. ಆಮೇಲೆ ನಿಕಿತಾ, ಕೆಳಗಿನ ನಾಲ್ಕು ಮನೆ, ಗೇಟಿನಲ್ಲಿ ನಿಂತ ಪದ್ಮಾವತಿ. ದಮಯಂತಿಯ ತಲೆಯಲ್ಲಿ ಒಂದೊಂದಾಗಿ ಎಲ್ಲ ಬಂದು ಹೋದವು.

"ಇಷ್ಟು ದಿನ ನೀವು ನನ್ನ ಮೇಲೆ ಸಿಟ್ಟು ಅಂತ ತಿಳ್ಕೊಂಡಿದ್ದೆ. ಒಂದು ಮಾತು ಬಯ್ಯುದಿಲ್ಲ ಅಂತ ಸಾಯ್ತಾ ಇದ್ದೆ."

"ಬಯ್ಲಿಕ್ಕೆ ನನಗೆ ಬಾಯಿ ಎಲ್ಲುಂಟು? ನಿನ್ನ ಮುಖ ನೋಡಿ ಉಣ್ಲಿಕ್ಕೆ ಆಗ್ತಿರ್ಲಿಲ್ಲ. ಅದಕ್ಕೇ ಹೋಗ್ತಿದ್ದೆ."

"ಹೇಳ್ಬಹುದಿತ್ತಲ್ಲ!"

"ಹೇಳ್ಬಹುದಿತ್ತು."

ಹೋಗಲಿ ಬಿಡಿ ಎಂಬ ಮಾತು ದಮಯಂತಿಯ ಬಾಯಿಗೆ ಬರಲಿಲ್ಲ. ಬರುವಂಥ ಮಾತೂ ಅದಾಗಿರಲಿಲ್ಲ. ಅವಳು ಸೌಟನ್ನು ಪಾತ್ರೆಯಲ್ಲಿಟ್ಟು, ತನಗೂ ಒಂದು ತಟ್ಟೆಯಲ್ಲಿ ಅನ್ನ ಹಾಕಿಕೊಂಡು, ಅವನ ಎದುರು ನೆಲದ ಮೇಲೆ ಕೂತಳು. ಆಮೇಲೆ ಚೆನ್ನಯ ತಲೆಯೆತ್ತದೆ ಕೇಳಿದ.

"ಈಗ ಇದ್ದಿದ್ರೆ ಎಷ್ಟು ಆಗ್ತಿತ್ತು ಅವನಿಗೆ?"

"ಬರುವ ತಿಂಗಳು ಹನ್ನೆರಡಕ್ಕೆ ಮೂವತ್ತಾರು," ಎಂದಳು ದಮಯಂತಿ.